ಒಳಗಿನ ದೀಪ

ಸಂಪಾದಕರು ಕವಿತೆ ಕೇಳಿದ್ದರು. ಎರಡು ತಿಂಗಳಿಂದ ಒಂದೂ ಬರೆದಿಲ್ಲ. ಈ ಎರಡು ತಿಂಗಳಲ್ಲಿ ನಾನು ಮಾಡಿದ ಕೆಲಸವೆಂದರೆ ಅಣ್ಣನ ಹಳೇ ಓಮ್ನಿ ಗಾಡಿಯೊಳಗೆ ಒಂದು ದೀಪ ಹಾಕಿದ್ದು. ಅದನ್ನೇ ಬರೆದು ಕಳಿಸುತ್ತಿದ್ದೇನೆ. ಕಾರಿನ ದೀಪಕ್ಕೂ ನಮ್ಮ ಪತ್ರಿಕೆಗೂ ಏನು ಸಂಬಂಧ ಎಂದು ಕೇಳುವ ಗೆಳೆಯರು ಕೊನೆತನಕ ಓದಬೇಕು.

ನಮ್ಮದು ಔರಾದ ತಾಲೂಕಿನ ಊರು. ಸಂತಪುರದಿಂದ ಒಳಗೆ ಹೋಗಬೇಕು. ಮಾದಿಗರ ಕೇರಿ ಊರ ಹೊರಗೆ, ಹಳ್ಳದ ದಂಡೆಗೆ. ಅಪ್ಪ ಇಪ್ಪತ್ತು ವರ್ಷಕ್ಕೂ ಹೆಚ್ಚು ಭಾಲ್ಕಿಯಲ್ಲಿ ಬೇವಿನ ಗಿಡದ ಕೆಳಗೆ ಗೋಣಿತಟ್ಟು ಹಾಸಿ ಚಪ್ಪಲಿ ಹೊಲಿದ. ಆ ಚಪ್ಪಲಿಯ ದುಡ್ಡಿನಲ್ಲೇ ನಾನು ಬೀದರಿಗೆ ಬಂದು ಬಿ.ಎ. ಮುಗಿಸಿದೆ. ನಮ್ಮ ವಂಶದಲ್ಲಿ ಪದವಿಯ ಕಾಗದ ಕಂಡವನು ನಾನೇ ಮೊದಲಿಗ. ಅಣ್ಣ ಹತ್ತನೇ ಇಯತ್ತೆಗೆ ಸಾಲಿ ಬಿಟ್ಟು ಬೇರೆಯವರ ಟ್ರ್ಯಾಕ್ಟರ್ ಹೊಡೆದ. ಆಮೇಲೆ ಅವ್ವನ ಸಂಘದ ಸಾಲ, ನಾಲ್ಕು ಆಡು ಮಾರಿದ ದುಡ್ಡು, ತನ್ನ ಉಳಿತಾಯ ಎಲ್ಲ ಕೂಡಿಸಿ ಮೂರು ಕೈ ದಾಟಿದ ಒಂದು ಓಮ್ನಿ ತಂದ. ಬೆಳಿಗ್ಗೆ ಕಾಯಿಪಲ್ಲೆ ಹೇರಿಕೊಂಡು ಬೀದರಿಗೆ ಬರುತ್ತಾನೆ. ರಾತ್ರಿ ಕೇರಿಯಲ್ಲಿ ಯಾರಿಗೆ ಜಡ್ಡು ಜಾಪತ್ತು ಆದರೂ ಅದೇ ಗಾಡಿ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮಾರನೆಯ ವರ್ಷ ಮಾರುತಿ ವ್ಯಾನ್ ಬಂತು. ಅದಕ್ಕೇ ಆಮೇಲೆ ಓಮ್ನಿ ಎಂದು ಹೆಸರಿಟ್ಟರು. 2019ರಲ್ಲಿ ಅದನ್ನು ಮಾಡುವುದೇ ನಿಲ್ಲಿಸಿದರು. ಉಳ್ಳವರು ಕಾರು ಬದಲಿಸುತ್ತಾ ಹೋದಂತೆ ಅವರ ಹಳೇ ಗಾಡಿಗಳು ಒಂದೊಂದೇ ಕೈ ಇಳಿದು ನಮ್ಮ ಕೇರಿತನಕ ಬರುತ್ತವೆ. ಹಳೇ ಬಟ್ಟೆ ಬಂದ ಹಾಗೆಯೇ. ಬರುವಷ್ಟರಲ್ಲಿ ಏನೇನು ಕೆಡಬೇಕೋ ಎಲ್ಲ ಕೆಟ್ಟಿರುತ್ತದೆ. ನಮ್ಮ ಗಾಡಿಯಲ್ಲಿ ಎಂಜಿನ್ ಗಟ್ಟಿ ಇತ್ತು, ಒಳಗಿನ ದೀಪ ಸತ್ತಿತ್ತು. ದೀಪ ಯಾರಿಗೆ ಬೇಕು, ಗಾಡಿ ಓಡಿದರೆ ಸಾಕು ಎಂದು ಅಣ್ಣ ಅದನ್ನು ಹಾಗೇ ಬಿಟ್ಟಿದ್ದ.

ಆ ರಾತ್ರಿ ಬರುವತನಕ.

ವೈನಿಗೆ ದಿನ ತುಂಬಿತ್ತು. ನಡುರಾತ್ರಿ ಬ್ಯಾನಿ ಸುರುವಾದವು. ಬೆಳಗಾಗುವತನಕ ಕಾಯುವ ಹಾಗಿರಲಿಲ್ಲ, ಗಾಡಿ ಬಾಗಿಲ ಮುಂದೆಯೇ ಇತ್ತು. ವೈನಿಯನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿ, ಅವ್ವ ಕೆಳಗೆ ಮಂಡಿಯೂರಿ ಕೂತು, ಬೀದರಿಗೆ ಹೊರಟರು. ನಾನು ಬೀದರಿನ ಖೋಲಿಯಲ್ಲಿ ಫೋನು ಹಿಡಿದು ಕೂತಿದ್ದೆ. ಸಂತಪುರ ದಾಟಿ ಮಾಂಜ್ರಾ ನದಿಯ ಸೇತುವೆ ಹತ್ತಿರ ಬರುವಾಗ ಕೂಸು ಕಾಯಲಿಲ್ಲ. ಅವ್ವ ಮೊಬೈಲಿನ ಬ್ಯಾಟರಿ ಹಚ್ಚಿ ಹಲ್ಲಿನಲ್ಲಿ ಕಚ್ಚಿ ಹಿಡಿದಳು, ಎರಡೂ ಕೈ ಬೇಕಾಗಿತ್ತಲ್ಲ. ಸ್ವಲ್ಪ ಹೊತ್ತಿಗೆ ಫೋನಿನ ಚಾರ್ಜೇ ತೀರಿತು. ಮುಂದಿನದೆಲ್ಲ ಕತ್ತಲಲ್ಲಿ ನಡೆಯಿತು.

ಆಮೇಲೆ ಆಸ್ಪತ್ರೆಯ ವರಾಂಡದಲ್ಲಿ ಅವ್ವ ನನಗೆ ಹೇಳಿದ ಮಾತು: “ಕೂಸಿಂದು ಮೈ ಕೆಂಪಗದನೋ ನೀಲಿಗದನೋ ಕಾಣ್ಸಲಿಲ್ಲ ತಮ್ಮಾ. ಅತ್ತಿತು, ಹಂಗಂತ ಜೀವ ಅದ ಅಂತ ಗೊತ್ತಾಯ್ತು. ಹೆಣ್ಣು ಅಂಬೂದು ಕೈಯಾಡ್ಸಿ ನೋಡ್ದೆ.”

ತಾಯಿ, ಮಗಳು ಇಬ್ಬರೂ ಉಳಿದರು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ನಮ್ಮ ಮನೆಯ ಕೂಸು ಈ ಲೋಕಕ್ಕೆ ಬಂದಾಗ ಅದರ ಮುಖ ನೋಡಲು ಒಂದು ಕಾಸಿನ ಬೆಳಕು ಇರಲಿಲ್ಲ. ನಾನು ಬೆಳಕಿನ ಮೇಲೆ ಹನ್ನೊಂದು ಕವಿತೆ ಬರೆದಿದ್ದೇನೆ. ಎಣಿಸಿ ನೋಡಿದೆ. ಸೂರ್ಯ, ಪಂಜು, ಕೊಳ್ಳಿ, ಕಂದೀಲು ಎಲ್ಲ ಇವೆ. ಅವುಗಳಲ್ಲಿ ಒಂದೂ ಮಾಂಜ್ರಾ ಸೇತುವೆಯ ಮೇಲೆ ಅವ್ವನ ಕೈಗೆ ಬರಲಿಲ್ಲ.

ಮರುವಾರ ಬೀದರಿನಲ್ಲಿ ಗಾಡಿ ವೈರಿಂಗಿನ ಒಂದು ಅಂಗಡಿಗೆ ಹೋದೆ. ಗಲ್ಲೆಯ ಮೇಲಿದ್ದಾತ ಗಾಡಿ ಯಾವುದು, ಯಾವ ಊರು ಎಂದು ಕೇಳಿದ. ಹೇಳಿದೆ. ಆಮೇಲೆ “ನೀವು ಯಾರ ಪೈಕಿ?” ಅಂದ. ದೀಪದ ಬಲ್ಬಿಗೂ ಪೈಕಿಗೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ. ಅದನ್ನೂ ಹೇಳಿದೆ. ಅಲ್ಲಿಗೆ ಮಾತಿನ ಧಾಟಿ ಬದಲಾಯಿತು. ‘ನೀವು’ ಹೋಗಿ ‘ನೀನು’ ಬಂತು. ಬಿಟ್ಟು ಎದ್ದು ಬಂದೆ.

ಹಳೇ ಪೇಟೆಯ ಕಡೆ ಒಬ್ಬ ಉಸ್ತಾದರು ಸಿಕ್ಕರು. ಬಿಳಿ ಗಡ್ಡ, ಕೈತುಂಬ ಮಸಿ. ಅವರು ಪೈಕಿ ಕೇಳಲಿಲ್ಲ, “ಚಾಯ್ ಪೀತಾ ಕ್ಯಾ” ಎಂದು ಕೇಳಿದರು. ನಾನೇ ಹಾಕಿಕೊಳ್ಳುತ್ತೇನೆ, ಹೇಗೆ ಅಂತ ಹೇಳಿಕೊಡಿ ಎಂದಾಗ ನಕ್ಕು, “ಪಢೇ ಲಿಖೇ ಹೋ, ಸೀಖೋ ಬೇಟಾ” ಅಂದರು. ಒಂದು ಹಾಳು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಆ ಕಾಗದ ಈಗಲೂ ನನ್ನ ಕವಿತೆಯ ವಹಿಯಲ್ಲಿದೆ. ಅವರು ಹೇಳಿದ್ದನ್ನು ನಮ್ಮ ಹುಡುಗರಿಗೆ ಉಪಯೋಗವಾದೀತು ಎಂದು ಇಲ್ಲಿ ಬರೆಯುತ್ತೇನೆ.

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಬೇಕು. ಬಿಚ್ಚದೆ ವೈರಿಗೆ ಕೈಹಾಕಿದರೆ, ವೈರು ತಗಡಿಗೆ ತಾಗಿದ ಕೂಡಲೇ ಕಿಡಿ. ಎರಡನೆಯದು, ಮನೆಯ ಕರೆಂಟಿನ ಹಾಗೆ ಗಾಡಿಯಲ್ಲಿ ಪ್ರತಿ ದೀಪಕ್ಕೂ ಎರಡೆರಡು ವೈರು ಬ್ಯಾಟರಿತನಕ ಹೋಗುವುದಿಲ್ಲ. ಪ್ಲಸ್ ಮಾತ್ರ ವೈರಿನಲ್ಲಿ ಬರುತ್ತದೆ. ತಿರುಗಿ ಹೋಗುವ ದಾರಿ ಗಾಡಿಯ ತಗಡೇ. ಬ್ಯಾಟರಿಯ ಮೈನಸ್ಸನ್ನು ಗಾಡಿಯ ಮೈಗೆ ಕಟ್ಟಿರುತ್ತಾರೆ. ಎಲ್ಲಾ ದೀಪಗಳೂ ಆ ಮೈಯ ಮೂಲಕವೇ ಸುತ್ತು ಮುಗಿಸುತ್ತವೆ. ಬಾಗಿಲು ತೆರೆದಾಗ ದೀಪ ಹತ್ತುವುದೂ ಹೀಗೆಯೇ. ಬಲ್ಬಿನತನಕ ಪ್ಲಸ್ ಯಾವಾಗಲೂ ಬಂದು ನಿಂತಿರುತ್ತದೆ. ಬಾಗಿಲ ಚೌಕಟ್ಟಿನಲ್ಲಿ ಒಂದು ಗುಂಡಿ ಇರುತ್ತದೆ. ಬಾಗಿಲು ಮುಚ್ಚಿದರೆ ಅದು ಒಳಗೆ ಒತ್ತಿ ದಾರಿ ಕಡಿಯುತ್ತದೆ. ತೆರೆದರೆ ಹೊರಗೆ ಚಿಮ್ಮಿ ವೈರನ್ನು ತಗಡಿಗೆ ಕೂಡಿಸುತ್ತದೆ. ದೀಪ ಹತ್ತಿತು.

ಮೂರನೆಯದು ಫ್ಯೂಸು. ಸುಟ್ಟ ಫ್ಯೂಸಿನ ಜಾಗಕ್ಕೆ ಅಷ್ಟೇ ಆಂಪಿಯರಿನ ಫ್ಯೂಸನ್ನೇ ಹಾಕಬೇಕು. ನಾನು ನಮ್ಮ ಗಾಡಿಯ ಫ್ಯೂಸಿನ ಪೆಟ್ಟಿಗೆ ತೆರೆದು ನೋಡಿದಾಗ ಎದೆ ಝಲ್ಲೆಂದಿತು. ಹಿಂದಿನ ಯಾರೋ ಮಾಲೀಕ ದೀಪದ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತಿ ಬಿಟ್ಟಿದ್ದ. ಆ ಎಳೆ ಸುಡುವುದಿಲ್ಲ, ಅದರ ಬದಲು ವೈರೇ ಸುಡುತ್ತದೆ, ವೈರಿನ ಸಂಗಡ ಗಾಡಿ. ಅವನಿಗೆ ಐದು ರೂಪಾಯಿ ಉಳಿದಿತ್ತು. ಆ ಬೆಂಕಿಯ ಮೇಲೆ ಇಷ್ಟು ದಿನ ನಮ್ಮವರು ಕೂತು ಓಡಾಡಿದ್ದರು.

ಭಾನುವಾರ ಊರಿಗೆ ಹೋಗಿ ಕೆಲಸಕ್ಕೆ ಕೂತೆ. ಮೇಲಿನ ದೀಪದ ಮುಚ್ಚಳ ತೆಗೆದೆ. ಒಳಗೆ ಬಲ್ಬು ಕಪ್ಪಗಾಗಿತ್ತು, ಹಿಡಿಯುವ ತಗಡಿಗೆ ಕಿಲುಬು ಹತ್ತಿತ್ತು. ಉಸುಕಿನ ಕಾಗದದಿಂದ ತಿಕ್ಕಿ, ಹಳೇ ಬಲ್ಬಿನ ಜಾಗಕ್ಕೆ ಎಲ್‌ಇಡಿ ಹಾಕಿದೆ. ಹತ್ತಲಿಲ್ಲ. ಬೆವರು ಬಂತು. ಆಮೇಲೆ ಉಸ್ತಾದರ ಮಾತು ನೆನಪಾಯಿತು: ಹಳೇ ಬಲ್ಬಿಗೆ ಹಿಂದು ಮುಂದು ಇಲ್ಲ, ಎಲ್‌ಇಡಿಗೆ ಇದೆ. ತಿರುಗಿಸಿ ಹಾಕಿದೆ. ಹತ್ತಿತು! ಕೇರಿಯ ಹುಡುಗರೆಲ್ಲ ಹೋ ಎಂದು ಕೂಗಿದರು. ಹಳೇ ಬಲ್ಬು ಐದು ವ್ಯಾಟಿನದು, ಇದು ಒಂದೂವರೆ ವ್ಯಾಟಿನದು. ಬೆಳಕು ಮಾತ್ರ ಹೆಚ್ಚು.

ಆದರೆ ಆ ದೀಪ ಡ್ರೈವರನ ತಲೆಯ ಮೇಲಿನದು. “ಇದು ಹತ್ತಿಸಿ ಗಾಡಿ ಹೊಡಿಲಾಕ ಬರಂಗಿಲ್ಲೋ, ಮುಂದಿನ ಕಾಜಿನ ಮ್ಯಾಲ ನನ್ನ ಮುಖಾನೇ ಕಾಣ್ತದ, ರಸ್ತಾ ಕಾಣಂಗಿಲ್ಲ” ಎಂದ ಅಣ್ಣ. ಅವನು ಹೇಳಿದ್ದು ಖರೆ. ಒಳಗೆ ಬೆಳಕಿದ್ದು ಹೊರಗೆ ಕತ್ತಲಿದ್ದರೆ ಗಾಜು ಕನ್ನಡಿಯಾಗುತ್ತದೆ. ಅದಕ್ಕೇ ಹಿಂದಿನ ಸೀಟಿನ ಮೇಲೆ ಎರಡನೆಯ ದೀಪ ಹಾಕಬೇಕೆಂದು ಮಾಡಿದೆ. ಅದಕ್ಕೆ ಬೇರೆ ಸ್ವಿಚ್ಚು, ಡ್ರೈವರನ ಕಡೆಗೆ ಬೆಳಕು ಹೋಗದ ಹಾಗೆ ಒಂದು ಪಟ್ಟಿ. ಹಿಂದಿನ ಜಾರು ಬಾಗಿಲಿನ ಚೌಕಟ್ಟಿಗೆ ತೂತು ಹೊಡೆದು ಹೊಸ ಗುಂಡಿ ಕೂಡಿಸಿದೆ. ತೂತಿನ ಸುತ್ತ ಬಣ್ಣ ಕೆರೆದೆ, ಇಲ್ಲದಿದ್ದರೆ ತಗಡಿಗೆ ಕೂಡುವುದಿಲ್ಲ. ಮುಂದಿನ ದೀಪದಿಂದ ವೈರು ತೆಗೆದು, ನಡುವೆ ಒಂದು ಸಣ್ಣ ಫ್ಯೂಸು ಕಟ್ಟಿ, ಮೇಲಿನ ರೆಕ್ಸಿನ್ನಿನ ಒಳಗಿನಿಂದ ಹಿಂದಕ್ಕೆ ಎಳೆಯಬೇಕು.

ಅಲ್ಲಿ ನನ್ನ ಕೈ ಸೋತಿತು. ರೆಕ್ಸಿನ್ನು ಹಳೇದು, ಎಳೆದ ಕಡೆಯೆಲ್ಲ ಹರಿಯಿತು. ಗಂಟೆಗಟ್ಟಲೆ ಗೋಂದು ಹಚ್ಚಿ ಒತ್ತಿ ಹಿಡಿದೆ. ಕೈ ಬಿಟ್ಟರೆ ಜೋತು ಬೀಳುತ್ತಿತ್ತು. ಅಪ್ಪ ಕಟ್ಟೆಯ ಮೇಲೆ ಬೀಡಿ ಸೇದುತ್ತ ನೋಡುತ್ತಲೇ ಇದ್ದ. ಏನೂ ಅನ್ನದೆ ಒಳಗೆ ಹೋಗಿ ಆರಿ, ರಾಪಿ, ಮೇಣ ಹಚ್ಚಿದ ದಾರ ತಂದ. “ಸರಿ” ಎಂದ. ಕುತ್ತಿಗೆ ಮೇಲೆತ್ತಿ, ಗಾಡಿಯ ಮಾಡು ನೋಡುತ್ತ, ಒಂದೊಂದೇ ಟಾಕಿ ಹಾಕುತ್ತ ಹೋದ. ಹರಿದದ್ದು ಎಲ್ಲಿತ್ತೆಂದು ಈಗ ಹುಡುಕಿದರೂ ಸಿಗುವುದಿಲ್ಲ.

ಒಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. ಕಾಲೇಜಿನ ಮೂರು ವರ್ಷ ನಾನು ಯಾರ ಮುಂದೆಯೂ ಆ ಆರಿಯ ಹೆಸರು ಎತ್ತಿರಲಿಲ್ಲ. ಅಪ್ಪ ಏನು ಮಾಡುತ್ತಾರೆ ಎಂದರೆ ‘ಬಿಸಿನೆಸ್ಸು’ ಎನ್ನುತ್ತಿದ್ದೆ. ಕಲ್ಯಾಣದ ಹರಳಯ್ಯನ ಮೇಲೆ ಮಾತ್ರ ಭಾಷಣ ಹೊಡೆದಿದ್ದೆ, ಬಹುಮಾನ ತಗೊಂಡಿದ್ದೆ. ಹನ್ನೆರಡನೆಯ ಶತಮಾನದ ಚಮ್ಮಾರನ ಮೇಲೆ ಅಭಿಮಾನ, ಮನೆಯಲ್ಲಿದ್ದ ಚಮ್ಮಾರನ ಬಗ್ಗೆ ನಾಚಿಕೆ. ನಮ್ಮಂಥ ಓದಿದವರ ಕಥೆ ಬಹಳಷ್ಟು ಇದೇ.

ಸಂಜೆ ಕತ್ತಲಾಯಿತು. ಎರಡೂ ದೀಪ ಹತ್ತಿದವು. ಅವ್ವ ಕೂಸನ್ನು ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಮೊಮ್ಮಗಳ ಮುಖ ನೋಡಿದಳು, ದೀಪ ನೋಡಿದಳು. ನಾನು ಮುಂದಿನ ಬಾಗಿಲು ತೆರೆದು, “ಅಪ್ಪಾ, ನೀ ಮುಂದ ಕುಂದ್ರು, ಒಂದು ಸುತ್ತು ಹೋಗಿ ಬರೋಣು” ಅಂದೆ. ಅಪ್ಪ ಎಂದಿನಂತೆ ಚಪ್ಪಲಿ ಬಿಟ್ಟು, ಹಿಂದಿನ ಬಾಗಿಲಿನಿಂದ ಹತ್ತಿ, ಸೀಟಿನ ತುದಿಗೆ ಕೂತ. “ಮುಂದ ಸೀಟು ಸುಡ್ತದ” ಎಂದ. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗೇ ಇದೆ, ಬಿಸಿಯಾಗುವುದು ನಿಜ. ಗಾಡಿ ಅಗಸಿಯ ಹತ್ತಿರ ಬಂತು. ಅಲ್ಲಿ ಕಟ್ಟೆಯ ಮೇಲೆ ಊರಿನವರು ಕೂತಿದ್ದರು. ಅಪ್ಪ ಮುಖ ತಗ್ಗಿಸಿ, “ದೀಪ ಆರಸು ತಮ್ಮಾ, ಯಾರರ ನೋಡ್ತಾರ” ಅಂದ.

ನಾನು ಆರಿಸಿದೆ. ಆರಿಸಬಾರದಿತ್ತು. ಆದರೆ ಅಪ್ಪನ ದನಿ ಹಾಗಿತ್ತು.

ರಾತ್ರಿ ಅವ್ವ ಹೇಳಿದಳು. ಅಪ್ಪ ಹದಿನೆಂಟರ ಹುಡುಗನಿದ್ದಾಗ ಊರ ದೊಡ್ಡವರೊಬ್ಬರ ಜೀಪಿನಲ್ಲಿ ತೊಗರಿ ಚೀಲ ಇಳಿಸಲು ಭಾಲ್ಕಿಗೆ ಹೋಗಿದ್ದನಂತೆ. ಹಿಂದೆ ತಳದಲ್ಲಿ ಕೂಡುವುದು ರೂಢಿ. ಬರುವಾಗ ಮಳೆ, ತಳದಲ್ಲಿ ನೀರು ನಿಂತಿತ್ತು. ಜೀಪಿನಲ್ಲಿ ಬೇರೆ ಯಾರೂ ಇರಲಿಲ್ಲವೆಂದು ಸೀಟಿನ ಮೇಲೆ ಕೂತ. ಅಗಸಿಯಲ್ಲಿ ಯಾರೋ ಕಂದೀಲು ಎತ್ತಿ ನೋಡಿದರು. ಕಾಲು ಹಿಡಿದು ಕೆಳಗೆ ಎಳೆದರು. ಆಮೇಲೆ ಆ ಸೀಟನ್ನು ತೊಳೆಸಿದರು, ಅವನ ಕೈಯಿಂದಲೇ. ದೇಶದಲ್ಲಿ ಹೊಸ ಕಾರು ಬಂತೆಂದು ಸುದ್ದಿಯಾದ ಕಾಲವೇ ಅದು. ಅಪ್ಪ ಹೆದರುವುದು ದೀಪಕ್ಕಲ್ಲ, ಆ ಕಂದೀಲಿಗೆ ಎಂದು ಅಂದು ತಿಳಿಯಿತು.

ಗಾಡಿಯ ಈ ಕಥೆ ನಮ್ಮ ಮನೆಯದಷ್ಟೇ ಅಲ್ಲ. ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದಿದ್ದಾರೆ. 1901ರಲ್ಲಿ ಹುಡುಗರಿದ್ದಾಗ ಮಸೂರು ಸ್ಟೇಷನ್ನಿನಿಂದ ತಂದೆಯ ಬಳಿಗೆ ಹೋಗಬೇಕಿತ್ತು. ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ. ಆದರೆ ಎತ್ತು ಹೊಡೆಯಬೇಕಾದವರು ಮಕ್ಕಳೇ, ಅವನು ಮುಟ್ಟಾಗದಂತೆ ಸಂಗಡ ನಡೆದು ಬಂದ. 1929ರಲ್ಲಿ, ಅವರು ಬ್ಯಾರಿಸ್ಟರಾದ ಮೇಲೆಯೂ, ಚಾಳೀಸಗಾಂವದಲ್ಲಿ ಟಾಂಗಾದವರು ಅವರನ್ನು ಕೂಡಿಸಿಕೊಂಡು ಹೋಗಲು ಒಪ್ಪಲಿಲ್ಲ. ಕೇರಿಯ ಜನ ಟಾಂಗಾ ಬಾಡಿಗೆಗೆ ತಂದು ತಮ್ಮವನೊಬ್ಬನನ್ನು ಹೊಡೆಯಲು ಕೂಡಿಸಿದರು. ಅವನಿಗೆ ಟಾಂಗಾ ಹೊಡೆದು ಗೊತ್ತಿರಲಿಲ್ಲ. ಮೋರಿಯ ಹತ್ತಿರ ಅಪಘಾತವಾಗಿ ಬಾಬಾಸಾಹೇಬರ ಕಾಲು ಮುರಿಯಿತು. ಗಾಡಿ ಹೊಡೆಯುವುದನ್ನು ಕಲಿಯಗೊಡದ ಸಮಾಜವೇ ಆ ಕಾಲು ಮುರಿದದ್ದು.

ಸಮುದ್ರದಾಚೆಯೂ ಇದೇ. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್‌ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಟ್ಟು ಏಳಲಿಲ್ಲ. ಆಮೇಲೆ 381 ದಿನ ಅಲ್ಲಿಯ ಕಪ್ಪು ಜನ ಬಸ್ಸು ಹತ್ತಲಿಲ್ಲ. ಕಾರು ಇದ್ದವರು ಇಲ್ಲದವರನ್ನು ಕೆಲಸಕ್ಕೆ ಮುಟ್ಟಿಸಿದರು. ಹಳೇ ಕಾರುಗಳು ಚಳವಳಿ ಎಳೆದವು. ನಮ್ಮಣ್ಣನಿಗೆ ಈ ಕಥೆ ಹೇಳಿದಾಗ ಅವನು ಕೇಳಿದ್ದು ಒಂದೇ: “ಪೆಟ್ರೋಲ್ ದುಡ್ಡು ಯಾರು ಕೊಟ್ರು?” ಜನ ಚಂದಾ ಎತ್ತಿದರು ಅಂದೆ. “ಹಂಗಾದ್ರ ಸರಿ” ಅಂದ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಮೇಲಿನ ದೀಪದ ಸ್ವಿಚ್ಚಿಗೆ ಮೂರು ಜಾಗ ಇವೆ. ಒಂದು ಕಡೆ ತಳ್ಳಿದರೆ ದೀಪ ಸದಾ ಹತ್ತಿರುತ್ತದೆ, ಇನ್ನೊಂದು ಕಡೆ ತಳ್ಳಿದರೆ ಸದಾ ಆರಿರುತ್ತದೆ. ನಡುವೆ ಇಟ್ಟರೆ ಬಾಗಿಲು ತೆರೆದಾಗ ಮಾತ್ರ ಹತ್ತುತ್ತದೆ. ಹಿಂದಿನ ದೀಪಕ್ಕೂ ನಾನು ಅಂಥದ್ದೇ ಸ್ವಿಚ್ಚು ಹಾಕಿದ್ದೆ. ಅವ್ವ ಹತ್ತಿರಲಿ ಅಂದಳು. ಅಪ್ಪ ಆರಿರಲಿ ಅಂದ. ಅಣ್ಣ ಎರಡನ್ನೂ ನಡುವೆ ಇಟ್ಟು, “ಇದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ” ಎಂದ.

ಹೋದ ತಿಂಗಳು ಒಂದು ರಾತ್ರಿ ಎರಡು ಗಂಟೆಗೆ ಕೇರಿಗೆ ಊರಿನವರೊಬ್ಬರು ನಡೆದು ಬಂದರು. ಹೆಸರು ಬೇಡ. ಅವರ ಮನೆಯ ಕಾರು ಮಗನ ಸಂಗಡ ಹೈದರಾಬಾದಿಗೆ ಹೋಗಿತ್ತು, ಮುಪ್ಪಿನ ತಾಯಿಗೆ ಉಸಿರು ಹತ್ತಿತ್ತು. ಅಣ್ಣ ಒಂದು ಮಾತೂ ಆಡದೆ ಗಾಡಿ ತೆಗೆದ. ಅಂದು ನಾನು ಊರಲ್ಲೇ ಇದ್ದೆ, ಸಂಗಡ ಹೋದೆ. ಅವರ ಮನೆಯ ಮುಂದೆ ಗಾಡಿ ನಿಂತಿತು. ಜಾರು ಬಾಗಿಲು ಎಳೆದೆವು. ದೀಪ ಭಗ್ಗನೆ ಹತ್ತಿತು. ಓಣಿಯ ಅರ್ಧ ಬೆಳಗಾಯಿತು. ಎದುರು ಮನೆಯ ಕಿಟಕಿ ತೆರೆಯಿತು. ಆತ ತಾಯಿಯನ್ನು ಎತ್ತಿ ತಂದವರು ಬಾಗಿಲಲ್ಲೇ ನಿಂತು, ಮೆಲ್ಲಗೆ, “ಅದೊಂದು ದೀಪ ಆರಸು ತಮ್ಮಾ, ಯಾರರ ನೋಡ್ತಾರ” ಅಂದರು.

ಗೆಳೆಯರೇ, ಅದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ. ನಮ್ಮಪ್ಪ ಹೆದರಿ ಆಡಿದ ಮಾತನ್ನು ಅವರು ನಾಚಿ ಆಡಿದರು. ಮಾದಿಗರ ಗಾಡಿಯ ಸೀಟಿನಲ್ಲಿ ತಮ್ಮ ತಾಯಿ ಮಲಗಿದ್ದು ಓಣಿಗೆ ಕಾಣಬಾರದು. ಜೀವ ಉಳಿಯಬೇಕು, ಆದರೆ ಕತ್ತಲಲ್ಲಿ ಉಳಿಯಬೇಕು.

ನನ್ನ ನಾಲಿಗೆಯ ತುದಿಗೆ ಒಂದು ಇಡೀ ಭಾಷಣ ಬಂದಿತ್ತು. ಅಣ್ಣ ನನ್ನ ಮೊಣಕೈ ಹಿಡಿದ. ಅವರಿಗೆ ಹೇಳಿದ: “ಇದರ ಸ್ವಿಚ್ಚು ಬಾಗಿಲಿಗದ ರೀ. ಬಾಗಿಲು ತೆರೆದ್ರ ಹತ್ತತದ, ಮುಚ್ಚಿದ್ರ ಆರತದ. ಅವ್ವಾರಿಗೆ ಉಸಿರಿಲ್ಲ, ಲಗೂ ಹತ್ತ್ರಿ.” ಅವರು ಹತ್ತಿದರು. ದಾರಿಯುದ್ದಕ್ಕೂ ಹಿಂದಿನ ದೀಪ ಹತ್ತಿಸಿಯೇ ಇಟ್ಟೆವು, ಮುದುಕಿಯ ಮುಖ ನೋಡುತ್ತಿರಬೇಕಿತ್ತು. ಮಾಂಜ್ರಾ ಸೇತುವೆಯ ಹತ್ತಿರ ಆಕೆ ಕಣ್ಣು ತೆರೆದಳು. ಬೆಳಕಿನಲ್ಲಿ ನನ್ನ ಮುಖ ನೋಡಿ, “ಯಾರಪಾ ನೀ, ಸಾಬವ್ವನ ಮೊಮ್ಮಗನಾ?” ಅಂದಳು. ಸಾಬವ್ವ ನನ್ನ ಅಪ್ಪನ ತಾಯಿ. ಅವರ ಹಟ್ಟಿಯ ಸಗಣಿ ಎತ್ತುತ್ತಲೇ ಸತ್ತವಳು. ಹೌದು ಎಂದೆ. ಮುದುಕಿ ನನ್ನ ಕೈ ಹಿಡಿದುಕೊಂಡಳು, ಬೀದರ ಬರುವತನಕ ಬಿಡಲಿಲ್ಲ. ಮಗ ಕಿಟಕಿಯ ಹೊರಗೆ ನೋಡುತ್ತಿದ್ದರು. ಆ ಹಿಡಿತ ಪ್ರೀತಿಯೋ, ಉಸಿರಿಲ್ಲದವರ ಆಸರೆಯೋ ನಾನು ಹೇಳಲಾರೆ. ಅದರಿಂದ ಜಾತಿ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಎಂಟು ದಿನದ ಮೇಲೆ ಅವರು ಬಾಡಿಗೆ ಕಳಿಸಿದ್ದು ಆಳಿನ ಕೈಯಲ್ಲಿ. ಆಳು ಅದನ್ನು ಕಟ್ಟೆಯ ಮೇಲೆ ಇಟ್ಟು ಹೋದ.

ಬೆಳಿಗ್ಗೆ ಈ ಸುದ್ದಿಯನ್ನು ಅಪ್ಪನಿಗೆ ಹೇಳಿದೆವು. ದೀಪ ಆರಿಸು ಅಂದ ಮಾತಿಗೆ ಬಂದಾಗ ಅಪ್ಪ ಬೀಡಿ ಸೇದುವುದು ನಿಲ್ಲಿಸಿದ. “ಹಂಗಂದ್ರಾ? ಅವರಾ?” ಎಂದು ಎರಡು ಸಲ ಕೇಳಿದ. ಆಮೇಲೆ ನಕ್ಕ. ನಾನು ಹುಟ್ಟಿದ ಮೇಲೆ ಅಪ್ಪ ಹಾಗೆ ನಕ್ಕದ್ದನ್ನು ಕಂಡಿರಲಿಲ್ಲ. ಕೆಮ್ಮು ಬಂದು ಕಣ್ಣಲ್ಲಿ ನೀರು ಬರುವತನಕ ನಕ್ಕ. “ಅಲ್ಲೋ, ಅವ್ರೂ ಅಂಜ್ತಾರಲ್ಲೋ” ಎಂದ. ಆ ಮಾತು ನನ್ನ ಹನ್ನೊಂದು ಕವಿತೆಗಿಂತ ದೊಡ್ಡದು.

ಮರುದಿನ ಅಪ್ಪ ಹಳೇ ಗೋಣಿತಟ್ಟು ನಾಲ್ಕು ಮಡಿಕೆ ಮಾಡಿ, ಮೇಲೆ ಕರಿ ರೆಕ್ಸಿನ್ನು ಹೊದಿಸಿ, ಸುತ್ತಲೂ ದಪ್ಪ ದಾರದ ಹೊಲಿಗೆ ಹಾಕಿ ಒಂದು ಗಾದಿ ಮಾಡಿದ. ತಾನೇ ಒಯ್ದು ಮುಂದಿನ ಸೀಟಿಗೆ ಕಟ್ಟಿದ. ಯಾಕಪ್ಪಾ ಎಂದು ಕೇಳಿದೆ.

“ಮುಂದ ಸೀಟು ಸುಡ್ತದಂತ ಹೇಳಿದ್ದಿಲ್ಲೇನು? ಈಗ ಸುಡಂಗಿಲ್ಲ.”

ಕೂಸಿನ ತೊಟ್ಟಿಲ ಕಾರ್ಯಕ್ಕೆ ಸಾಮಾನು ತರಲು ಎಲ್ಲರೂ ಭಾಲ್ಕಿಗೆ ಹೋದೆವು. ತಿರುಗಿ ಬರುವಾಗ ರಾತ್ರಿಯಾಗಿತ್ತು. ಅಪ್ಪ ಮುಂದೆ ಕೂತಿದ್ದ, ಕಾಲಲ್ಲಿ ಚಪ್ಪಲಿ ಇದ್ದವು. ಅಗಸಿಯ ಹತ್ತಿರ ಬಂದಾಗ, “ನಿಲ್ಲಸು” ಅಂದ. ಅಣ್ಣ ನಿಲ್ಲಿಸಿದ. ಅಪ್ಪ ಬಾಗಿಲು ತೆರೆದ. ದೀಪ ಹತ್ತಿತು. ಕಟ್ಟೆಯ ಮೇಲಿದ್ದವರು ತಿರುಗಿ ನೋಡಿದರು. ಅಪ್ಪ ಕೆಳಗೆ ಇಳಿಯಲಿಲ್ಲ, ಮಾತಾಡಲಿಲ್ಲ. ಬೆಂಕಿಕಡ್ಡಿ ಗೀರಿ ಬೀಡಿ ಹಚ್ಚಿದ, ಎರಡು ದಮ್ಮು ಎಳೆದ, ಬಾಗಿಲು ಹಾಕಿಕೊಂಡ.

“ನಡೀ ಇನ್ನ” ಅಂದ.